ಈರುಳ್ಳಿ ಸಣ್ಣಗೆ, ಒಂದೇ ಸಮ ಹೆಚ್ಚೋದು ಹೇಗೆ: ಬುಡಾನ ಕೊನೇವರೆಗೂ ತೆಗೀಬೇಡಿ

ದಿನಾ ಉಪ್ಪಿಟ್ಟಿಗೋ ಪಲ್ಯಕ್ಕೋ ಈರುಳ್ಳಿ ಹೆಚ್ಚೋ ಮನೆಗಳಲ್ಲೂ ಸಾಮಾನ್ಯವಾಗಿ ಮಾಡೋ ಮೊದಲ ಕೆಲಸ ಏನು ಅಂದ್ರೆ, ಎರಡೂ ಕಡೆ ತುದಿ ಕಟ್ ಮಾಡಿ ಬಿಸಾಕೋದು. ಮೇಲಿನ ಜುಟ್ಟೂ ಹೋಯ್ತು, ಕೆಳಗಿನ ಬೇರೂ ಹೋಯ್ತು. ಕಷ್ಟ ಶುರುವಾಗೋದೇ ಅಲ್ಲಿಂದ, ಎರಡು ಸಲ ಚಾಕು ಆಡಿಸೋ ಹೊತ್ತಿಗೆ ಪದರಗಳೆಲ್ಲ ಬಿಚ್ಕೊಂಡು ಒಂದು ಆ ಕಡೆ ಒಂದು ಈ ಕಡೆ ಜಾರ್ತವೆ, ಅವನ್ನ ಮತ್ತೆ ಗುಡ್ಡೆ ಹಾಕ್ಕೊಂಡು ಹೇಗೆ ಬೇಕೋ ಹಾಗೆ ಕೊಚ್ಚಬೇಕಾಗತ್ತೆ, ಕೊನೆಗೆ ನೋಡಿದ್ರೆ ಅರ್ಧ ಪುಡಿ ಅರ್ಧ ಹೋಳು. ಬಾಣಲೆಗೆ ಹಾಕಿದಾಗ ಪುಡಿ ಸೀದು ಕಪ್ಪಾಗಿರತ್ತೆ, ದಪ್ಪ ಹೋಳು ಇನ್ನೂ ಹಸಿ ಹಸಿ ಇರತ್ತೆ. ರುಚಿ ಕೆಡೋದು ಒಗ್ಗರಣೇಲಿ ಅಂತ ಅನ್ಕೋತೀವಿ, ಆದ್ರೆ ಎಷ್ಟೋ ಸಲ ಕೆಟ್ಟಿರೋದು ಹಲಗೆ ಮೇಲೇನೇ.

ಹಾಗಾಗಿ ಮುಖ್ಯವಾದ ಮಾತು ಮೊದಲೇ ಹೇಳ್ಬಿಡ್ತೀನಿ. ಬೇರಿನ ಕಡೆಯ ಬುಡಾನ ಕೊನೆ ಹೋಳು ಬೀಳೋವರೆಗೂ ತೆಗೀಬೇಡಿ. ಚಾಕು ಹೇಗಿದ್ರೂ ಕೈ ಎಷ್ಟೇ ನಿಧಾನ ಇದ್ರೂ ಇದೊಂದನ್ನ ಪಾಲಿಸಿದ್ರೆ ಇವತ್ತಿನಿಂದಲೇ ವ್ಯತ್ಯಾಸ ಗೊತ್ತಾಗತ್ತೆ.

ಯಾಕೆ ಅಂತ ತಿಳ್ಕೊಳ್ಳೋಕೆ ಒಂದು ಈರುಳ್ಳಿನ ಬುಡದಿಂದ ಜುಟ್ಟಿನವರೆಗೆ ಉದ್ದಕ್ಕೆ ಸೀಳಿ ನೋಡಿ. ನಾವು ಗಡ್ಡೆ ಅಂತ ಕರೀತೀವಿ, ಆದ್ರೆ ತಿನ್ನೋ ಪದರಗಳೆಲ್ಲ ನಿಜಕ್ಕೂ ಎಲೆಗಳ ಬುಡ, ಆಹಾರ ತುಂಬ್ಕೊಂಡು ದಪ್ಪ ಆಗಿರೋದು ಅಷ್ಟೇ. ನಿಜವಾದ ಕಾಂಡ ಅಂದ್ರೆ ಕೆಳಗಡೆ ಬೇರು ಹೊರಡೋ ಜಾಗದಲ್ಲಿ ಇರೋ ಗಟ್ಟಿ ಬಿಳಿ ಬಿಲ್ಲೆ. ಎಲ್ಲಾ ಪದರಗಳೂ ಆ ಬಿಲ್ಲೆಗೇ ಅಂಟ್ಕೊಂಡಿರ್ತವೆ, ಮೇಲ್ಗಡೆ ಬಿಡಿ ಬಿಡಿ. ಬಿಲ್ಲೆ ಹೋದ್ರೆ ಹಿಡ್ಕೊಳ್ಳೋಕೆ ಏನೂ ಇಲ್ಲ. ಇನ್ನೊಂದು ವಿಷಯ, ಚೌಕ ಚೂರು ಬೇಕು ಅಂದ್ರೆ ಮೂರು ದಿಕ್ಕಿಂದ ಕಟ್ ಮಾಡ್ಬೇಕು ತಾನೇ, ಅದರಲ್ಲಿ ಒಂದು ದಿಕ್ಕಿನ ಕೆಲಸ ಈ ಪದರಗಳೇ ಮಾಡಿಟ್ಟಿರ್ತವೆ. ನಮಗೆ ಉಳಿಯೋದು ಎರಡೇ. ಆಲೂಗಡ್ಡೆಗಿಂತ ಈರುಳ್ಳಿ ಹೆಚ್ಚೋದು ಸುಲಭ ಅಂತ ನಾನು ಹೇಳೋದು ಇದಕ್ಕೇ, ಅದರ ರಚನೆ ಜೊತೆ ಹೋದ್ರೆ ಅರ್ಧ ಕೆಲಸ ತಾನಾಗೇ ಆಗತ್ತೆ.

ಚಾಕು, ಹಲಗೆ, ಕಣ್ಣೀರು

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರೋದು ಪ್ಲಾಸ್ಟಿಕ್ ಹಿಡಿಯ ಚಿಕ್ಕ ಚಾಕು, ಕೆಲವದಕ್ಕೆ ಗರಗಸದ ಥರ ಹಲ್ಲು ಬೇರೆ. ಹಲ್ಲಿನ ಚಾಕು ಟೊಮ್ಯಾಟೊಗೆ ಬ್ರೆಡ್‌ಗೆ ಚೆನ್ನಾಗಿದೆ, ಈರುಳ್ಳಿಗೆ ಬೇಡ, ಅದು ಪದರಗಳನ್ನ ಎಳೆದು ಹರಿಯತ್ತೆ. ಅಲಗು ಈರುಳ್ಳಿಗಿಂತ ಉದ್ದ ಇರ್ಬೇಕು, ಅಷ್ಟು ಸಾಕು. ಆರರಿಂದ ಎಂಟು ಇಂಚಿನ ಒಂದು ಸಾದಾ ಚಾಕು ತಗೊಂಡ್ರೆ ವರ್ಷಗಟ್ಟಲೆ ಬರತ್ತೆ. ದುಬಾರಿದೇ ಬೇಕು ಅಂತೇನಿಲ್ಲ, ಹರಿತ ಇರೋದು ಮುಖ್ಯ. ಮೊಂಡು ಚಾಕುನಲ್ಲಿ ಕೈ ಕುಯ್ಕೊಳ್ಳೋ ಅಪಾಯ ಜಾಸ್ತಿ, ಯಾಕಂದ್ರೆ ಬಲ ಹಾಕಿ ಒತ್ತಬೇಕಾಗತ್ತೆ, ಈರುಳ್ಳಿ ಮೈ ನುಣುಪು, ಚಾಕು ಜಾರಿದ್ರೆ ಸೀದಾ ಬೆರಳಿಗೇ. ಸಾಣೆ ಹಿಡಿಯೋರು ಬೀದೀಲಿ ಬಂದಾಗ ಕೊಡಿ, ಇಲ್ಲಾ ಮನೇಲೇ ಒಂದು ಸಾಣೆ ಕಲ್ಲು ಇಟ್ಕೊಳ್ಳಿ. ತುರ್ತಿಗೆ ಪಿಂಗಾಣಿ ಕಪ್ ಬೋರಲು ಹಾಕಿದ್ರೆ ತಳದಲ್ಲಿ ಹೊಳಪಿಲ್ಲದ ಒರಟು ಅಂಚು ಕಾಣತ್ತೆ ನೋಡಿ, ಅದಕ್ಕೆ ಎರಡೂ ಕಡೆ ಸ್ವಲ್ಪ ಓರೆಯಾಗಿ ಐದಾರು ಸಲ ಎಳೆದ್ರೂ ಆ ದಿನದ ಅಡುಗೆಗೆ ಸಾಕಾಗತ್ತೆ. ಆಮೇಲೆ ತೊಳೆದು ಒರೆಸಿ ಉಪಯೋಗಿಸಿ.

ಹಲಗೆ ಮರದ್ದಾದ್ರೂ ಸರಿ ಪ್ಲಾಸ್ಟಿಕ್‌ದಾದ್ರೂ ಸರಿ, ಸ್ಟೀಲ್ ತಟ್ಟೆ ಮೇಲೆ, ಗ್ರಾನೈಟ್ ಕಟ್ಟೆ ಮೇಲೆ ಮಾತ್ರ ಹೆಚ್ಚಬೇಡಿ, ಎರಡು ದಿನಕ್ಕೆ ಅಲಗು ಹಾಳಾಗತ್ತೆ. ಹಲಗೆ ಕೆಳಗೆ ಒಂದು ಒದ್ದೆ ಬಟ್ಟೆ ಹಾಸಿ. ಇದು ಚಿಕ್ಕ ವಿಷಯ ಅನ್ಸತ್ತೆ, ಆದ್ರೆ ಹಲಗೆ ಅಲ್ಲಾಡ್ತಾ ಇದ್ರೆ ಕೈ ತಾನಾಗೇ ಬಿಗಿಯಾಗತ್ತೆ, ಬಿಗಿ ಕೈಯಲ್ಲಿ ಸಮ ಹೆಚ್ಚೋಕೆ ಆಗಲ್ಲ.

ಈಗ ಕಣ್ಣೀರು. ಈರುಳ್ಳಿ ಸುಮ್ನೆ ಇದ್ದಾಗ ಅದರಲ್ಲಿ ಆ ಘಾಟು ಇರೋದೇ ಇಲ್ಲ, ಜೀವಕೋಶ ಒಡೆದಾಗ ಒಳಗೆ ಬೇರೆ ಬೇರೆ ಇದ್ದ ಗಂಧಕದ ಸಂಯುಕ್ತಗಳೂ ಕಿಣ್ವಗಳೂ (ಎನ್‌ಜೈಮ್) ಸೇರ್ಕೊಂಡು ಆ ಗ್ಯಾಸ್ ಹುಟ್ಟತ್ತೆ. ಒಂದೇ ಕಿಣ್ವದಿಂದ ಇದೆಲ್ಲ ಆಗತ್ತೆ ಅಂತ ತುಂಬಾ ಕಾಲ ಅಂದ್ಕೊಂಡಿದ್ರು, 2002ರಲ್ಲಿ ಜಪಾನಿನ ವಿಜ್ಞಾನಿಗಳು ಕಣ್ಣೀರು ಬರಿಸೋಕೇ ಬೇರೆ ಒಂದು ಕಿಣ್ವ ಇದೆ ಅಂತ ಕಂಡುಹಿಡಿದ್ರು. ನಮಗೆ ಇದರಿಂದ ಗೊತ್ತಾಗೋದು ಇಷ್ಟು, ಕೋಶ ಎಷ್ಟು ಜಜ್ಜಿಹೋಗತ್ತೋ ಅಷ್ಟು ಉರಿ. ಹರಿತ ಚಾಕು ಜಜ್ಜದೆ ಕುಯ್ಯತ್ತೆ, ಕಮ್ಮಿ ಅಳಿಸತ್ತೆ. ಬಾಯಲ್ಲಿ ಬೆಂಕಿಕಡ್ಡಿ ಇಟ್ಕೊಳ್ಳೋದು, ತಲೆ ಮೇಲೆ ಸಿಪ್ಪೆ ಇಟ್ಕೊಳ್ಳೋದು ಇದೆಲ್ಲ ಬೇಕಾಗಿಲ್ಲ. ಕಿಟಕಿ ತೆಗೆದು ಎಕ್ಸಾಸ್ಟ್ ಫ್ಯಾನ್ ಹಾಕಿ, ಮುಖಾನ ಹಲಗೆ ಮೇಲೆ ಬಗ್ಗಿಸದೆ ಸ್ವಲ್ಪ ಹಿಂದೆ ನಿಂತ್ಕೊಳ್ಳಿ, ಅರ್ಧ ಮಾಡಿದ ಹೋಳುಗಳ ಕುಯ್ದ ಮುಖ ಯಾವಾಗಲೂ ಕೆಳಗೇ ಇರ್ಲಿ. ಎರಡು ಮೂರು ಕೇಜಿ ಹೆಚ್ಚೋದಿದ್ರೆ ಟೇಬಲ್ ಫ್ಯಾನ್‌ನ ಪಕ್ಕಕ್ಕಿಟ್ಟು ಗಾಳಿ ನಿಮ್ಮ ಮುಖದಿಂದ ಆಚೆ ಹೋಗೋ ಹಾಗೆ ಮಾಡ್ಕೊಳ್ಳಿ. ಕಣ್ಣುಜ್ಜೋಕೆ ಮಾತ್ರ ಅದೇ ಕೈ ತಗೊಂಡು ಹೋಗ್ಬೇಡಿ.

ಯಾವ ಈರುಳ್ಳಿ ತಗೋಬೇಕು ಅಂದ್ರೆ, ಸಣ್ಣಗೆ ಹೆಚ್ಚೋಕೆ ಮಧ್ಯಮ ಗಾತ್ರದ, ಮುಟ್ಟಿದ್ರೆ ಗಟ್ಟಿ ಇರೋ, ಕತ್ತು ಚೆನ್ನಾಗಿ ಒಣಗಿ ಮುಚ್ಚಿರೋದು. ಮಳೆಗಾಲದ ಬೆಳೆ, ಅಂದ್ರೆ ಚಿತ್ರದುರ್ಗ, ಗದಗ, ಹಾವೇರಿ ಕಡೆಯಿಂದ ಹೊಸದಾಗಿ ಬರೋದ್ರಲ್ಲಿ ನೀರಂಶ ಜಾಸ್ತಿ, ಪದರ ಜಾರತ್ತೆ, ಅದನ್ನ ಸ್ವಲ್ಪ ದಪ್ಪಗೇ ಹೆಚ್ಚಿ. ಬೇಸಿಗೇಲಿ ಕಿತ್ತು ಒಣಗಿಸಿ ಇಟ್ಟಿದ್ದು ಬಿಗಿಯಾಗಿರತ್ತೆ, ಅದ್ರಲ್ಲಿ ಚೂರು ಅಂದವಾಗಿ ಬೀಳತ್ತೆ. ಚಿಕ್ಕಬಳ್ಳಾಪುರ, ಕೋಲಾರ ಕಡೆ ಬೆಳೆಯೋ, 2015ರಲ್ಲಿ ಜಿಐ ಟ್ಯಾಗ್ (ಇದು ಇಂಥ ಪ್ರದೇಶದ್ದೇ ಅನ್ನೋ ಅಧಿಕೃತ ಗುರುತು) ಸಿಕ್ಕ ಬೆಂಗಳೂರು ಗುಲಾಬಿ ಈರುಳ್ಳಿ ಚಿಕ್ಕದು, ಘಾಟು ಜಾಸ್ತಿ. ಅದನ್ನ ಹೀಗೆ ಚೂರು ಮಾಡೋಕೆ ಕೂತ್ರೆ ಹೊತ್ತು ಹೋಗತ್ತೆ, ಸಾಂಬಾರಿಗೆ ಇಡಿಯಾಗಿ ಹಾಕೋದೇ ಅದಕ್ಕೆ ಸರಿ.

ಹೆಚ್ಚೋ ಕ್ರಮ

ಬಲಗೈಯವರಿಗೆ ಹೇಳೋ ಹಾಗೆ ಬರೀತಿದೀನಿ, ಎಡಗೈಯವರು ಎಡ ಬಲ ಅದಲು ಬದಲು ಮಾಡ್ಕೊಳ್ಳಿ.

ಮೊದಲು ಜುಟ್ಟಿನ ಕಡೆ ಅರ್ಧ ಇಂಚಿನಷ್ಟು ಕಟ್ ಮಾಡಿ ತೆಗೀರಿ. ಬೇರಿನ ಕಡೆ ನೇತಾಡ್ತಿರೋ ಒಣ ಬೇರು, ಅಂಟಿರೋ ಮಣ್ಣು ಅಷ್ಟನ್ನ ಮಾತ್ರ ಕೆರೆದು ತೆಗೀರಿ, ಬಿಲ್ಲೆ ಮುಟ್ಟಬೇಡಿ. ಈಗ ಕಟ್ ಮಾಡಿದ ಚಪ್ಪಟೆ ಕಡೆ ಕೆಳಗೆ ಬರೋ ಹಾಗೆ ಈರುಳ್ಳಿನ ಹಲಗೆ ಮೇಲೆ ನಿಲ್ಲಿಸಿ, ಉರುಳಲ್ಲ. ಬೇರು ಮೇಲೆ ಕಾಣ್ತಿರತ್ತೆ, ಅದರ ನಟ್ಟ ನಡುವೆ ಚಾಕು ಇಟ್ಟು ಕೆಳಗಿನವರೆಗೆ ಸೀಳಿ. ಎರಡು ಹೋಳಿಗೂ ಅರ್ಧರ್ಧ ಬಿಲ್ಲೆ ಬರ್ಬೇಕು. ಈ ಒಂದು ಕಟ್ ಆ ಕಡೆ ಈ ಕಡೆ ಆದ್ರೆ ಒಂದು ಹೋಳಿಗೆ ಬುಡಾನೇ ಇರಲ್ಲ, ಅದು ಬಿಚ್ಕೊಳ್ಳತ್ತೆ, ಹಾಗಾಗಿ ಇಲ್ಲಿ ಅವಸರ ಬೇಡ.

ಸಿಪ್ಪೆ ತೆಗೆಯೋದು ಇದಾದ್ಮೇಲೆ. ಇಡೀ ಈರುಳ್ಳಿಗೆ ಉಗುರು ಹಾಕಿ ಒದ್ದಾಡೋದಕ್ಕಿಂತ ಅರ್ಧ ಮಾಡಿದ ಮೇಲೆ ಜುಟ್ಟಿನ ಕಡೆಯಿಂದ ಹಿಡಿದು ಎಳೆದ್ರೆ ಸಿಪ್ಪೆ ಒಂದೇ ಸಲಕ್ಕೆ ಬುಡದವರೆಗೂ ಬರತ್ತೆ. ಸಿಪ್ಪೆಯ ಕೆಳಗಿನ ಪದರ ಚರ್ಮದ ಥರ ಗಟ್ಟಿ ಇದ್ರೆ ಅದನ್ನೂ ತೆಗೆದ್ಬಿಡಿ. ಉಳಿಸೋಣ ಅಂತ ಅನ್ಸತ್ತೆ, ಆದ್ರೆ ಅದು ಎಷ್ಟು ಬೆಂದ್ರೂ ಮೆತ್ತಗಾಗಲ್ಲ, ಉಪ್ಪಿಟ್ಟಿನಲ್ಲಿ ಹಲ್ಲಿಗೆ ಸಿಗೋ ಪೇಪರ್ ಥರದ ಚೂರು ಅದೇ.

ಈಗ ಒಂದು ಹೋಳನ್ನ ಚಪ್ಪಟೆ ಮುಖ ಕೆಳಗೆ ಮಾಡಿ ಮಲಗಿಸಿ, ಬುಡ ನಿಮ್ಮಿಂದ ಆಚೆ ಇರ್ಲಿ, ಜುಟ್ಟು ತೆಗೆದ ಕಡೆ ನಿಮ್ಮ ಹೊಟ್ಟೆ ಕಡೆ. ಈರುಳ್ಳಿ ಮೈ ಮೇಲೆ ಬುಡದಿಂದ ಜುಟ್ಟಿಗೆ ಹೋಗೋ ಸಣ್ಣ ಗೆರೆಗಳು ಕಾಣ್ತವೆ ನೋಡಿ. ಮೊದಲ ಸುತ್ತಿನ ಕಟ್ ಆ ಗೆರೆಗಳ ಜೊತೆಗೇ. ಚಾಕುವಿನ ಮೂತಿನ ಬುಡಕ್ಕೆ ಒಂದು ಬೆರಳಗಲ ಈಚೆ ಇಳಿಸಿ, ಹಾಗೇ ನಿಮ್ಮ ಕಡೆಗೆ ಎಳ್ಕೊಂಡು ಬನ್ನಿ, ಅಲಗು ಹಲಗೆ ಮುಟ್ಟೋ ತನಕ. ಮತ್ತೆ ಅದರ ಪಕ್ಕ ಇನ್ನೊಂದು, ಅದರ ಪಕ್ಕ ಇನ್ನೊಂದು. ಬಲತುದಿಯಿಂದ ಎಡತುದಿವರೆಗೆ ಹೀಗೆ ಹೋದ್ರೆ ಹೋಳು ನೋಡೋಕೆ ಬಾಚಣಿಗೆ ಹಲ್ಲಿನ ಥರ ಆಗಿರತ್ತೆ, ಆದ್ರೆ ಬುಡದಲ್ಲಿ ಎಲ್ಲ ಕೂಡ್ಕೊಂಡೇ ಇರತ್ತೆ. ಕಟ್ ನಡುವಿನ ಅಂತರ ಎಷ್ಟೋ ಚೂರಿನ ಗಾತ್ರ ಅಷ್ಟು, ಮನೆ ಅಡುಗೆಗೆ 5-6 ಮಿಲಿಮೀಟರ್ ಅಂದ್ರೆ ಹೆಚ್ಚು ಕಮ್ಮಿ ಕಾಲು ಇಂಚು ಸಾಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮಧ್ಯದಲ್ಲಿ ಪದರಗಳು ಹಲಗೆಗೆ ಸಮವಾಗಿ ಮಲಗಿರ್ತವೆ, ಅಲ್ಲಿ ಚಾಕು ನೆಟ್ಟಗೆ ಇಳಿಸಿದ್ರೆ ಪದರಾನ ಅಡ್ಡ ಕುಯ್ಯತ್ತೆ. ಅಂಚುಗಳಲ್ಲಿ ಅದೇ ಪದರಗಳು ಗೋಡೆ ಥರ ನಿಂತಿರ್ತವೆ, ಅಲ್ಲೂ ಚಾಕು ನೆಟ್ಟಗೆ ಇಳಿಸಿದ್ರೆ ಪದರದ ಉದ್ದಕ್ಕೇ ಹೋಗತ್ತೆ, ಚೂರು ಉದ್ದ ಉದ್ದ ಉಳಿಯತ್ತೆ. ಹೋಟೆಲ್ ಅಡುಗೆ ಕಲಿಸೋರು ಇದಕ್ಕೆ ಒಂದು ಉಪಾಯ ಹೇಳಿಕೊಡ್ತಾರೆ, ಮೇಲೆ ಅಂಗೈ ಒತ್ತಿ ಹಿಡಿದು ಚಾಕುನ ಅಡ್ಡ ಮಲಗಿಸಿ ಹಲಗೆಗೆ ಸಮಾನಾಂತರವಾಗಿ ಒಂದೆರಡು ಕಟ್ ಹಾಕೋದು. ಅದು ಕೆಲಸ ಮಾಡತ್ತೆ, ಇಲ್ಲ ಅನ್ನಲ್ಲ, ಆದ್ರೆ ಅಲಗು ಅಂಗೈ ಕೆಳಗೇ ಹೋಗೋ ಕೆಲಸ ಅದು, ಮನೇಲಿ ಹೊಸದಾಗಿ ಕಲಿಯೋರಿಗೆ ನಾನಂತೂ ಹೇಳಿಕೊಡಲ್ಲ. ಅದರ ಬದಲು ಅಂಚಿಗೆ ಬಂದಾಗ ಚಾಕುನ ಸ್ವಲ್ಪ ಓರೆ ಮಾಡಿ, ಅಲಗು ಈರುಳ್ಳಿ ಮಧ್ಯದ ಕಡೆ ನೋಡೋ ಹಾಗೆ. ಬಲ ಅಂಚಿನಲ್ಲಿ ಹಲಗೆಗೆ ಹೆಚ್ಚು ಕಮ್ಮಿ ಮಲಗಿರೋ ಹಾಗೆ ಶುರು ಮಾಡಿ, ನಡುವೆ ಬರೋ ಹೊತ್ತಿಗೆ ನೆಟ್ಟಗಾಗಿ, ಎಡ ಅಂಚಿಗೆ ಹೋಗ್ತಾ ಮತ್ತೆ ಆ ಕಡೆ ವಾಲಿದ್ರೆ ಆಯ್ತು. ಎಲ್ಲಾ ಕಟ್‌ಗಳೂ ನಡುವಿನ ಒಂದೇ ಕೇಂದ್ರಕ್ಕೆ ಬಂದು ಸೇರ್ಬಾರ್ದು, ಹಾಗೆ ಮಾಡಿದ್ರೆ ಒಳಗಿನ ಚೂರು ಪುಡಿ ಪುಡಿ ಆಗತ್ತೆ, ಆ ಕೇಂದ್ರಕ್ಕಿಂತ ಸ್ವಲ್ಪ ಕೆಳಗೆ, ಹಲಗೆ ಒಳಗೆ ಎಲ್ಲೋ ಗುರಿ ಇದೆ ಅಂತ ಅಂದ್ಕೊಳ್ಳಿ.

ಎರಡನೇ ಸುತ್ತು. ಹಲಗೇನೇ ತಿರುಗಿಸಿ ಇಲ್ಲಾ ಹೋಳು ತಿರುಗಿಸಿ, ಬುಡ ಎಡಗಡೆಗೆ ಬರ್ಲಿ, ಬಾಚಣಿಗೆ ಹಲ್ಲು ಬಲಗಡೆಗೆ. ಎಡಗೈ ಇಡೋ ರೀತಿ ಇಲ್ಲಿ ತುಂಬಾ ಮುಖ್ಯ. ಬೆರಳ ತುದಿಗಳನ್ನ ಒಳಗೆ ಮಡಚಿ ಉಗುರಿನ ಕಡೆಯಿಂದ ಈರುಳ್ಳಿ ಹಿಡೀರಿ, ಹೆಬ್ಬೆರಳು ಹಿಂದೆ ಇರ್ಲಿ, ನಡುಬೆರಳಿನ ಗೆಣ್ಣು ಎಲ್ಲರಿಗಿಂತ ಮುಂದೆ. ಚಾಕುವಿನ ಚಪ್ಪಟೆ ಮೈ ಆ ಗೆಣ್ಣಿಗೆ ತಾಗ್ಕೊಂಡೇ ಮೇಲೆ ಕೆಳಗೆ ಹೋಗತ್ತೆ. ಗೆಣ್ಣು ಎಷ್ಟು ಹಿಂದೆ ಸರಿಯತ್ತೋ ಅಷ್ಟೇ ದಪ್ಪದ ಕಟ್ ಬೀಳತ್ತೆ, ಬೆರಳ ತುದಿ ಅಲಗಿಗೆ ಸಿಗೋ ಮಾತೇ ಇಲ್ಲ. ಮೊದಮೊದಲು ಕೈ ಸೋತ ಹಾಗೆ ಅನ್ಸತ್ತೆ, ಅಭ್ಯಾಸ ಆದ್ಮೇಲೆ ನೋಡದೆಯೂ ಸಮ ಬೀಳತ್ತೆ. ಬಲಗೈ ಬರೀ ಹಿಡಿ ಹಿಡ್ಕೊಂಡಿರೋದಕ್ಕಿಂತ ಹೆಬ್ಬೆರಳೂ ತೋರುಬೆರಳೂ ಅಲಗಿನ ಬುಡಾನ ಚಿವುಟಿ ಹಿಡಿದಿದ್ರೆ ಚಾಕು ಹೇಳಿದ ಮಾತು ಕೇಳತ್ತೆ. ಮೇಲಿಂದ ಟಕ್ ಟಕ್ ಅಂತ ಕುಟ್ಟೋದಲ್ಲ, ಮೂತಿ ಹಲಗೆ ಮೇಲೇ ಇರ್ಲಿ, ಮುಂದಕ್ಕೆ ತಳ್ತಾ ಕೆಳಗೆ ಇಳಿಸಿ.

ಪ್ರತಿ ಸಲ ಚಾಕು ಇಳಿದಾಗಲೂ ಒಂದು ಸಾಲು ಚೌಕ ಚೂರು ಉದುರತ್ತೆ. ಅದನ್ನ ಮತ್ತೆ ಕೊಚ್ಚೋ ಅಗತ್ಯ ಇಲ್ಲ. ಬುಡದ ಹತ್ರ ಬಂದಾಗ ಉಳಿದ ತುಂಡು ಎತ್ತರ ಜಾಸ್ತಿ, ಅಗಲ ಕಮ್ಮಿ ಆಗಿ ವಾಲೋಕೆ ಶುರು ಮಾಡತ್ತೆ, ಆಗ ಅದನ್ನ ಕುಯ್ದ ಮುಖದ ಮೇಲೆ ಬೀಳಿಸಿ, ಬಿಲ್ಲೆ ಸುತ್ತ ಇರೋ ಮಾಂಸಾನ ಎರಡು ಮೂರು ಕಟ್‌ನಲ್ಲಿ ತೆಗೆದು ಹೆಚ್ಚಿ. ಕೊನೆಗೆ ಕೈಯಲ್ಲಿ ಉಳಿಯೋದು ಗುಂಡಿಯಷ್ಟು ಬಿಲ್ಲೆ. ಅದು ಕಸಕ್ಕೆ, ಇಲ್ಲಾ ಸೂಪಿಗೆ ತರಕಾರಿ ಕುದಿಸಿ ಸೋಸೋ ನೀರಿಗೆ, ಅಂದ್ರೆ ಸ್ಟಾಕ್‌ಗೆ.

ಗಾತ್ರ ಯಾವುದಕ್ಕೆ ಎಷ್ಟು

ಸಣ್ಣಗೆ ಇದ್ದಷ್ಟೂ ಒಳ್ಳೇದು ಅನ್ನೋದು ತಪ್ಪು. ಉಪ್ಪಿಟ್ಟಿಗೆ, ಪಲ್ಯದ ಒಗ್ಗರಣೆಗೆ ಕಾಲು ಇಂಚು ಸರಿ, ಬೆಂದು ಮೆತ್ತಗಾದ್ರೂ ಈರುಳ್ಳಿ ಅಂತ ಗೊತ್ತಾಗ್ಬೇಕು. ಗ್ರೇವಿಗೆ ಹುರಿದು ಕರಗಿಸೋದಾದ್ರೆ ಅದಕ್ಕಿಂತ ಸಣ್ಣ. ಅಕ್ಕಿ ರೊಟ್ಟಿಗೆ ಮಾತ್ರ ನಾನು ರಾಜಿ ಆಗಲ್ಲ, 3 ಮಿಲಿಮೀಟರ್ ದಾಟಬಾರದು, ದಪ್ಪ ಚೂರು ಇದ್ರೆ ತಟ್ಟುವಾಗ ಅದರ ಸುತ್ತ ಹಿಟ್ಟು ಬಿರಿಯತ್ತೆ, ರೊಟ್ಟಿ ತೆಳ್ಳಗೆ ಬರೋದೇ ಇಲ್ಲ, ಎತ್ತುವಾಗ ಹರಿಯತ್ತೆ. ಈರುಳ್ಳಿ ದೋಸೆಗೂ ಸಣ್ಣಗೇ, ಹಿಟ್ಟಿಗೆ ಅಂಟ್ಕೊಂಡು ಮಗುಚಿದಾಗ ಉದುರಬಾರದು. ಮಸಾಲ್ ವಡೆಗೂ ಹಾಗೇ, ದಪ್ಪ ಇದ್ರೆ ಎಣ್ಣೇಲಿ ವಡೆ ಬಿಟ್ಕೊಳ್ಳತ್ತೆ. ಮೊಸರು ಬಜ್ಜಿಗೆ ಕಚ್ಚೋಕೆ ಸಿಗೋ ಹಾಗೆ ಸ್ವಲ್ಪ ದಪ್ಪ ಇರ್ಲಿ, ಘಾಟು ಜಾಸ್ತಿ ಅನ್ಸಿದ್ರೆ ಹೆಚ್ಚಿದ್ಮೇಲೆ ತಣ್ಣೀರಲ್ಲಿ ಒಂದು ಹತ್ತು ನಿಮಿಷ ಹಾಕಿ ಹಿಂಡಿ ತೆಗೀರಿ. ಮಸಾಲೆ ದೋಸೆ ಪಲ್ಯಕ್ಕೆ, ಪಕೋಡಕ್ಕೆ ಚೂರೇ ಬೇಡ, ಅರ್ಧ ಹೋಳನ್ನ ಉದ್ದುದ್ದ ಸೀಳಿದ್ರೆ ಸಾಕು.

ಈಳಿಗೆ ಮಣೇಲಿ ಮಾಡೋರಿಗೆ

ಈಳಿಗೆ ಮಣೆ ಅಭ್ಯಾಸ ಇರೋ ಅಮ್ಮ, ಅಜ್ಜಿಯಂದಿರಿಗೆ ಚಾಕು ಹಿಡೀರಿ ಅನ್ನೋ ಅಗತ್ಯ ನನಗಂತೂ ಕಾಣಲ್ಲ, ಅವರು ಮಾಡೋದರಲ್ಲೂ ಇದೇ ತತ್ವ ಇದೆ. ಸಿಪ್ಪೆ ತೆಗೆದ ಈರುಳ್ಳಿನ ಬುಡ ಅಂಗೈ ಕಡೆ ಬರೋ ಹಾಗೆ ಹಿಡಿದು, ಜುಟ್ಟು ತೆಗೆದ ಕಡೆಯಿಂದ ಅಲಗಿಗೆ ಒತ್ತಿ ಉದ್ದಕ್ಕೆ ಸಾಲಾಗಿ ಸೀಳು ಹಾಕ್ತಾರೆ, ಕಾಲು ಭಾಗ ತಿರುಗಿಸಿ ಮತ್ತೆ ಅಡ್ಡ ಸೀಳು, ಮುಖ ನೋಡಿದ್ರೆ ಚೌಕುಳಿ ಚೌಕುಳಿ. ಆಮೇಲೆ ಈರುಳ್ಳಿನ ಅಡ್ಡಲಾಗಿ ಅಲಗಿಗೆ ಕೊಟ್ರೆ ಚೂರು ತಟ್ಟೆಗೆ ಉದುರತ್ತೆ. ಸೀಳು ಹಾಕುವಾಗ ಬುಡದಿಂದ ಒಂದೂವರೆ ಬೆರಳು ಮೊದಲೇ ನಿಲ್ಲಿಸ್ಬೇಕು, ಹಿಂದೆ ಇರೋದು ಅಂಗೈ.

ಬೀದೀಲಿ ಚುರುಮುರಿ ಮಾಡೋರ ಕೈ ಒಂದ್ಸಲ ಹತ್ರದಿಂದ ಗಮನಿಸಿ. ಹಲಗೆ ಇಲ್ಲ ಏನಿಲ್ಲ. ಎಡಗೈಯಲ್ಲಿ ಈರುಳ್ಳಿ, ಬಲಗೈಯಲ್ಲಿ ತೆಳ್ಳಗೆ ಸವೆದ ಚಾಕು, ಮೇಲಿನ ಮುಖದ ಮೇಲೆ ಸರಸರ ಅಂತ ಹೊಡೀತಾ ಈರುಳ್ಳಿನ ಬೆರಳಲ್ಲೇ ತಿರುಗಿಸ್ತಾರೆ, ಮುಖ ತುಂಬಾ ಗೀರು ಬಿದ್ದ ಮೇಲೆ ಚಾಕು ಅಡ್ಡ ಮಾಡಿ ಹೆರೀತಾರೆ, ಅಕ್ಕಿ ಕಾಳಿನಷ್ಟು ಚೂರು ಸೀದಾ ಪಾತ್ರೆಗೆ. ಮತ್ತೆ ಗೀರು, ಮತ್ತೆ ಹೆರೆ. ಬುಡ ಕೊನೆವರೆಗೂ ಅವರ ಹಿಡೀಲೇ ಇರತ್ತೆ. ನೋಡಿ ಖುಷಿ ಪಡಿ, ಮನೇಲಿ ಮಾತ್ರ ಹಲಗೆ ಮೇಲೇ ಮಾಡಿ, ಅದು ದಿನಕ್ಕೆ ಬುಟ್ಟಿಗಟ್ಟಲೆ ಹೆಚ್ಚೋರ ಕೈ.

ದಾರ ಎಳೆಯೋ ಚಾಪರ್ ಬಗ್ಗೆ ಕೇಳೋರಿದ್ದಾರೆ. ಹತ್ತು ಜನಕ್ಕೆ ಅಡುಗೆ, ಸಮಯ ಇಲ್ಲ, ಕೈ ನೋವು ಅಂದ್ರೆ ಧಾರಾಳವಾಗಿ ಉಪಯೋಗಿಸಿ. ನಾಲ್ಕು ಹೋಳು ಮಾಡಿ ಹಾಕಿ, ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಏಳೆಂಟು ಸಲ ಎಳೆದು ನಿಲ್ಲಿಸಿ. ಗ್ರೇವಿಗೆ ಪರವಾಗಿಲ್ಲ. ಕೋಸಂಬರಿಗೆ, ಚುರುಮುರಿಗೆ, ಹಸಿಯಾಗಿ ತಿನ್ನೋ ಯಾವುದಕ್ಕೂ ಬೇಡ, ಜಜ್ಜಿ ನೀರು ಬಿಟ್ಟಿರತ್ತೆ. ಮಿಕ್ಸಿ ಅಂತೂ ಹೆಚ್ಚೋ ಸಾಧನಾನೇ ಅಲ್ಲ, ಅದರಲ್ಲಿ ಹಸಿ ಈರುಳ್ಳಿ ತಿರುಗಿಸಿದ್ರೆ ಕಹಿ ಬರತ್ತೆ, ಹುರಿಯೋ ಹೊತ್ತಿಗೆ ಬೇಯ್ತಾ ಕೂತಿರತ್ತೆ.

ಇನ್ನು ಉಳಿದದ್ದು. ಹೊರಸಿಪ್ಪೆ ಕೆಳಗೆ ಕಪ್ಪು ಪುಡಿ ಥರ ಕಂಡ್ರೆ ಅದು ಶೇಖರಣೆಯಲ್ಲಿ ಬರೋ ಒಂದು ಬೂಷ್ಟು. 2021ರಲ್ಲಿ ಕೋವಿಡ್ ಜೊತೆ ಬ್ಲ್ಯಾಕ್ ಫಂಗಸ್ ಹೆದರಿಕೆ ಇದ್ದಾಗ ಇದೇ ಆ ಫಂಗಸ್ ಅಂತ ವಾಟ್ಸಾಪ್‌ನಲ್ಲಿ ಹರಿದಾಡಿತ್ತು, ಅದು ಸುಳ್ಳು, ಎರಡೂ ಬೇರೆ ಬೇರೆ. ಮೇಲಿನ ಒಂದೆರಡು ಪದರ ತೆಗೆದು, ಚೆನ್ನಾಗಿ ತೊಳೆದು, ಒಳಗೆ ಗಟ್ಟಿ ಇದ್ರೆ ಹೆಚ್ಚಿ. ಒಳಗೂ ಕಪ್ಪಾಗಿದ್ರೆ, ಮೆತ್ತಗೆ ಕೊಳೆತ ವಾಸನೆ ಇದ್ರೆ ಬಿಸಾಕಿ. ಹೆಚ್ಚಿಟ್ಟ ಈರುಳ್ಳಿ ವಿಷ ಆಗತ್ತೆ ಅನ್ನೋದೂ ಅಂಥದ್ದೇ ಮೆಸೇಜು. ಮುಚ್ಚಳ ಬಿಗಿ ಇರೋ ಡಬ್ಬೀಲಿ ಹಾಕಿ ಫ್ರಿಜ್‌ನಲ್ಲಿಟ್ರೆ ಮೂರು ನಾಲ್ಕು ದಿನ ಒಗ್ಗರಣೆಗೆ ಧಾರಾಳ ಆಗತ್ತೆ, ಸ್ಟೀಲ್ ಇಲ್ಲಾ ಗಾಜಿನ ಡಬ್ಬಿ ತಗೊಳ್ಳಿ, ಪ್ಲಾಸ್ಟಿಕ್‌ಗೆ ಹಿಡಿದ ವಾಸನೆ ಹೋಗಲ್ಲ, ತೆರೆದಿಟ್ರೆ ಪಕ್ಕದಲ್ಲಿರೋ ಹಾಲು ಬೆಣ್ಣೆಗೂ ಹತ್ತತ್ತೆ. ಬುಡ ಇರೋ ಅರ್ಧ ಹೋಳನ್ನ ಹೆಚ್ಚದೆ ಹಾಗೇ ಇಟ್ರೆ ಇನ್ನೂ ಚೆನ್ನಾಗಿರತ್ತೆ. ಮೊಸರು ಬಜ್ಜಿ, ಕೋಸಂಬರಿಗೆ ಮಾತ್ರ ಊಟಕ್ಕೆ ಕೂರೋ ಮುಂಚೆ ಹೆಚ್ಚಿ, ಹಿಂದಿನ ದಿನದ್ದು ಹಸಿಯಾಗಿ ಚೆನ್ನಾಗಿರಲ್ಲ.